ಸೋಸಿದ ನೀರು, ಕಾಣದ ಕೈ

ಜೈನ ಗೃಹಸ್ಥನ ಮನೆಯನ್ನು ಗುರುತಿಸಲು ಬಾಗಿಲಿನ ಮೇಲಿನ ಹೆಸರನ್ನು ಓದಬೇಕಾಗಿಲ್ಲ, ನೀರಿನ ಕೊಡದ ಬಾಯಿಗೆ ಕಟ್ಟಿದ ಬಟ್ಟೆಯನ್ನು ನೋಡಿದರೆ ಸಾಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನೀರನ್ನು ದಪ್ಪನೆಯ ಎರಡು ಪದರಿನ ಬಟ್ಟೆಯಲ್ಲಿ ಸೋಸುವುದು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ತಂದ ಬಾವಿಗೋ ಹೊಳೆಗೋ ಮರಳಿ ಬಿಡುವುದು, ಹೊತ್ತು ಮುಳುಗುವ ಮುನ್ನ ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು ಇವೆಲ್ಲ ಶ್ರಾವಕಧರ್ಮದ ಮೊದಲ ಮೆಟ್ಟಿಲುಗಳು. ಅಹಿಂಸೆಯೆಂಬ ಮಹತ್ತತ್ತ್ವವು ನಮ್ಮಲ್ಲಿ ಗ್ರಂಥಗಳಲ್ಲಿ ಮಾತ್ರ ಉಳಿಯದೆ ಅಡುಗೆಮನೆಗೆ ಇಳಿದು ಬಂದಿರುವುದು ನಮ್ಮ ಪರಂಪರೆಯ ಹಿರಿಮೆಯೆಂಬುದರಲ್ಲಿ ಸಂದೇಹವಿಲ್ಲ.

ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಬೀಸಿದ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಈ ಲೆಕ್ಕವನ್ನು ಪಾಠಶಾಲೆಗಳಲ್ಲಿ ಮಕ್ಕಳಿಗೆ ಕಂಠಪಾಠ ಮಾಡಿಸುತ್ತೇವೆ. ಮುಹೂರ್ತ ಕಳೆದೊಡನೆ ಎದ್ದು ಮತ್ತೆ ನೀರು ಸೋಸುವವರು ಯಾರು, ಜಿಟಿಜಿಟಿ ಮಳೆಯ ಶ್ರಾವಣದಲ್ಲಿ ಮೂರು ದಿನಕ್ಕೊಮ್ಮೆ ಬೀಸುವ ಕಲ್ಲಿನ ಮುಂದೆ ಕುಳಿತವರು ಯಾರು ಎಂಬ ಪ್ರಶ್ನೆ ಮಾತ್ರ ಆ ಪಾಠದಲ್ಲಿ ಬರುವುದಿಲ್ಲ. ವ್ರತವನ್ನು ಸ್ವೀಕರಿಸುವವನು ಒಬ್ಬ, ಅದನ್ನು ನಡೆಸಿಕೊಡುವ ಕೈ ಇನ್ನೊಬ್ಬರದು. ಈ ಎರಡರ ನಡುವಿನ ಸಂಬಂಧವನ್ನು ನೈತಿಕ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರ ಮನಸ್ಸಿನಲ್ಲಿ ಮೂಡಲು ಕಾರಣವಾದದ್ದು ಶಾಸ್ತ್ರಗ್ರಂಥವಲ್ಲ, ಒಂದು ಚಲನಚಿತ್ರ. ನಮ್ಮ ಯಡೂರಿನಿಂದ ಚಿಕ್ಕೋಡಿಯನ್ನು ದಾಟಿ ಪಶ್ಚಿಮಕ್ಕೆ ಹೋದರೆ ಸಿಗುವ ನಿಪ್ಪಾಣಿ ತಂಬಾಕಿನ ಪೇಟೆಯೆಂದು ಹೆಸರಾದ ಊರು. ಅಲ್ಲಿನ ತಂಬಾಕಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಸ್ತ್ರೀಯರನ್ನು ಕುರಿತು ‘ಯುಗಾಂತರ’ ಎಂಬ ಬಳಗವು 1982ರಲ್ಲಿ ಒಂದು ಸಾಕ್ಷ್ಯಚಿತ್ರ ತಯಾರಿಸಿತು. ‘ತಂಬಾಕು ಚಾಕಿಲಾ ಊಬ ಆಲಿ’ ಎಂಬುದು ಅದರ ಮರಾಠಿ ಹೆಸರು. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಇವರು 1980ರಲ್ಲಿ ಕಟ್ಟಿದ ಆ ಬಳಗವನ್ನು ಭಾರತದ ಮೊದಲ ಸ್ತ್ರೀವಾದಿ ಚಲನಚಿತ್ರ ಬಳಗವೆಂದು ಕಲಾವಿಮರ್ಶಕರು ಗುರುತಿಸುತ್ತಾರೆ. ಅವರು ಕ್ಯಾಮರಾ ಹಿಡಿದು ಒಂದು ದಿನ ಬಂದು ಹೋದವರಲ್ಲ. ಆ ಕಾರ್ಮಿಕ ಸ್ತ್ರೀಯರ ನಡುವೆ ತಿಂಗಳುಗಟ್ಟಲೆ ಇದ್ದು, ಅವರ ಮಾತನ್ನು ಕೇಳಿ, ಏನನ್ನು ಹೇಗೆ ತೋರಿಸಬೇಕೆಂಬುದನ್ನು ಅವರೊಡನೆಯೇ ಚರ್ಚಿಸಿ ಚಿತ್ರವನ್ನು ರೂಪಿಸಿದರು. ಇತ್ತೀಚಿನ ವರ್ಷಗಳಲ್ಲಿ ಜರ್ಮನಿಯ ಬರ್ಲಿನ್ ನಗರದ ಸಂಸ್ಥೆಯೊಂದು ಈ ಚಿತ್ರಗಳನ್ನು ಪುನರುಜ್ಜೀವನಗೊಳಿಸಿದ್ದು, ಅವು ಇಂದು ದೇಶವಿದೇಶಗಳಲ್ಲಿ ಕಲಾಕೃತಿಗಳಾಗಿ ಪ್ರದರ್ಶಿತವಾಗುತ್ತಿವೆ.

ಆ ಚಿತ್ರವನ್ನು ನೋಡುವ ಅವಕಾಶ ಒದಗಿದಾಗ ನನಗಾದುದು ಆಶ್ಚರ್ಯವಲ್ಲ, ನಾಚಿಕೆ. ನಿಪ್ಪಾಣಿಯ ಪೇಟೆಗೆ ಬಾಲ್ಯದಿಂದ ಹೋಗಿಬಂದವನು ನಾನು. ತಂಬಾಕಿನ ಘಾಟಿಗೆ ಮೂಗು ಮುಚ್ಚಿಕೊಂಡು ನಡೆದ ನೆನಪು ಇದೆ. ಆ ಘಾಟಿನೊಳಗೇ ಹೊತ್ತುಗಟ್ಟಲೆ ಕುಳಿತು ದುಡಿದು, ಸಂಜೆ ಮನೆಗೆ ಮರಳಿ ಮತ್ತೆ ಒಲೆಯ ಮುಂದೆ ಕೂರುವ ತಾಯಂದಿರಿದ್ದರೆಂಬುದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೀರಿನ ಹನಿಯಲ್ಲಿ ಜೀವರಾಶಿಯನ್ನು ಕಾಣಲು ಕಲಿಸಿದ ಧರ್ಮದಲ್ಲಿ ಹುಟ್ಟಿದವನಿಗೆ ಎದುರಿಗಿದ್ದ ಪಂಚೇಂದ್ರಿಯ ಜೀವಿಯ ದಣಿವು ಕಾಣಲಿಲ್ಲವೆಂದರೆ, ದೋಷ ಧರ್ಮದ್ದಲ್ಲ, ನೋಟದ್ದು.

ಅದೇ ಬಳಗ 1981ರಲ್ಲಿ ‘ಮೋಲಕರೀಣ’ ಎಂಬ ಇನ್ನೊಂದು ಚಿತ್ರವನ್ನು ತಯಾರಿಸಿತ್ತು. ಮೋಲಕರೀಣ ಎಂದರೆ ಮನೆಗೆಲಸದವಳು. ಪುಣೆಯ ಮನೆಗಳಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆದು ಬದುಕುತ್ತಿದ್ದ ಸ್ತ್ರೀಯರು ಒಂದಾಗಿ ತಮ್ಮ ಸಂಘಟನೆಯನ್ನು ಕಟ್ಟಿಕೊಂಡ ಬಗೆಯನ್ನು ಅದು ನಿರೂಪಿಸುತ್ತದೆ. ಕಾರ್ಖಾನೆಯ ದುಡಿಮೆಯಾದರೂ ಪೇಟೆಯ ಲೆಕ್ಕದಲ್ಲಿ ಒಂದು ಅಂಕಿಯಾಗಿ ಬರುತ್ತದೆ. ಮನೆಯೊಳಗಿನ ದುಡಿಮೆಗೆ ಆ ಅಂಕಿಯೂ ಇಲ್ಲ. ಸಂಬಳಕ್ಕೆ ಬರುವವಳ ಕೆಲಸ ಅಗ್ಗ, ಮನೆಯವಳ ಕೆಲಸ ಉಚಿತ, ಎರಡೂ ಅದೃಶ್ಯ.

ಸಮಕಾಲೀನ ಕಲೆಯೆಂದರೆ ವಿಕಾರ, ಉದ್ರೇಕ, ಅರ್ಥವಾಗದ ಗೆರೆಗಳು ಎಂಬ ಭಾವನೆ ನಮ್ಮ ಸಮಾಜದಲ್ಲಿದೆ. ಅದು ಪೂರ್ತಿ ನಿರಾಧಾರವೆಂದೂ ಹೇಳಲಾರೆ. ಆದರೆ ಕಳೆದ ಅರ್ಧ ಶತಮಾನದಲ್ಲಿ ಅನೇಕ ಕಲಾವಿದೆಯರು ಈ ಅದೃಶ್ಯ ದುಡಿಮೆಯನ್ನೇ ತಮ್ಮ ಕಲೆಯ ವಸ್ತುವನ್ನಾಗಿ ಮಾಡಿಕೊಂಡಿರುವುದು ವಿಚಾರವಂತರು ಗಮನಿಸಬೇಕಾದ ಸಂಗತಿ. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದಾರೆ.

1957ರಲ್ಲಿ ಭದ್ರಾವತಿಯಲ್ಲಿ ಜನಿಸಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಅವರು ಮೊದಲು ವರ್ಣಚಿತ್ರ ಕಲಾವಿದೆ. 1990ರ ದಶಕದಲ್ಲಿ ಅವರು ಬಣ್ಣದ ಡಬ್ಬಿಗಳನ್ನು ಬದಿಗಿರಿಸಿ ಸೆಗಣಿಯನ್ನು ಕೈಗೆತ್ತಿಕೊಂಡರು. ನಮ್ಮ ಹಳ್ಳಿಯ ಪ್ರತಿ ಮನೆಯ ಅಂಗಳವನ್ನು ಬೆಳಗಿನ ಜಾವ ಸಾರಿಸುತ್ತಿದ್ದ, ಕುಳ್ಳು ತಟ್ಟಿ ಒಲೆಗೆ ಉರುವಲಾಗುತ್ತಿದ್ದ ಅದೇ ಸೆಗಣಿ. 1998ರಲ್ಲಿ ಅವರು ರಚಿಸಿದ ಒಂದು ಕೃತಿಯಲ್ಲಿ ಹೊಲಿಗೆಯ ಸೂಜಿಗಳ ಮೂಲಕ ಬಹು ಉದ್ದದ ನೂಲನ್ನು ಎಳೆದೆಳೆದು, ಆ ಎಳೆಗಳನ್ನು ಒಟ್ಟುಗೂಡಿಸಿ, ಕುಂಕುಮ ಮತ್ತು ಅಂಟಿನಿಂದ ಬಳಿದು ಕೆಂಪು ಹಗ್ಗಗಳನ್ನಾಗಿ ಮಾಡಿದ್ದಾರೆ. ಹಗ್ಗ ಗೋಡೆಯಿಂದಿಳಿದು ನೆಲದ ಮೇಲೆ ಹರಿದು ಹೋಗುತ್ತದೆ. ಅದರ ತುದಿಯಲ್ಲಿ ಸೂಜಿಗಳ ಗೊಂಚಲು. ಅಲ್ಲಿ ಯಾವ ಸ್ತ್ರೀಯ ಚಿತ್ರವೂ ಇಲ್ಲ, ಬರಹವೂ ಇಲ್ಲ. ಆದರೂ ಒಂದು ಎಳೆಯನ್ನು ಸೂಜಿಯ ಕಣ್ಣಿನಿಂದ ಸಾವಿರ ಸಲ ಎಳೆದ ಕೈಯ ತಾಳ್ಮೆಯೂ ನೋವೂ ಪ್ರೇಕ್ಷಕನಿಗೆ ತಟ್ಟದೆ ಇರದು. ಕೌದಿ ಹೊಲಿಯುತ್ತ ಕಣ್ಣು ಸವೆಸಿದ ಅಜ್ಜಿಯರನ್ನು ಕಂಡ ನಮಗೆ ಅದನ್ನು ಯಾರೂ ವ್ಯಾಖ್ಯಾನಿಸಿ ಹೇಳಬೇಕಾಗಿಲ್ಲ.

ದೂರದ ಅಮೆರಿಕದ ಒಂದು ದೃಷ್ಟಾಂತವೂ ಇಲ್ಲಿ ಉಪಯುಕ್ತ. ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ಎಂಬ ಕಲಾವಿದೆ ತಾಯಿಯಾದ ಬಳಿಕ, ದಿನವೆಲ್ಲ ಮಗುವಿನ ಆರೈಕೆ ಹಾಗೂ ಮನೆಯ ಶುಚಿತ್ವದಲ್ಲಿ ಕಳೆಯುವ ತಾನು ಕಲಾವಿದೆಯಲ್ಲವೆ ಎಂಬ ಪ್ರಶ್ನೆಯನ್ನು ಎದುರಿಸಿದರು. 1969ರಲ್ಲಿ ಅವರು ಒಂದು ಘೋಷಣಾಪತ್ರ ಬರೆದು, ಇದ್ದುದನ್ನು ಇದ್ದಂತೆ ಕಾಪಾಡುವ ಕೆಲಸವೂ ಕಲೆಯೇ ಎಂದು ಸಾರಿದರು. 1973ರಲ್ಲಿ ಹಾರ್ಟ್‌ಫರ್ಡ್ ನಗರದ ವಸ್ತುಸಂಗ್ರಹಾಲಯದ ಮೆಟ್ಟಿಲುಗಳನ್ನು ಜನರೆದುರು ಮೊಣಕಾಲೂರಿ ತೊಳೆದರು. 1979-80ರಲ್ಲಿ ನ್ಯೂಯಾರ್ಕ್ ನಗರದ ಸುಮಾರು 8,500 ಪೌರಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಭೇಟಿಯಾಗಿ, ಕೈಕುಲುಕಿ ಕೃತಜ್ಞತೆ ಸಲ್ಲಿಸಿದರು. ಮೆಟ್ಟಿಲು ತೊಳೆಯುವುದರಲ್ಲಿ ಕಲೆಯೇನು ಬಂತು ಎಂದು ನಗಬಹುದು. ಆದರೆ ಅದೇ ಮೆಟ್ಟಿಲನ್ನು ನಿತ್ಯವೂ ತೊಳೆಯುತ್ತಿದ್ದವರನ್ನು ಅದುವರೆಗೆ ಯಾರೂ ನಿಂತು ನೋಡಿರಲಿಲ್ಲ ಎಂಬುದೇ ಅವರ ಉತ್ತರ.

ನಮ್ಮ ಸೀಮೆಯಲ್ಲಿಯೂ ಇದಕ್ಕೆ ಸಮಾನವಾದ ಅನುಭವವಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದಂಡೆಯ ಹಳ್ಳಿಗಳು ಜಲಾವೃತವಾದವು. ನೀರು ಇಳಿದ ಮೇಲೆ ಬಿದ್ದ ಗೋಡೆ, ಸತ್ತ ದನ, ಕೊಳೆತ ಕಬ್ಬು ಇವುಗಳ ಪಂಚನಾಮೆಯಾಯಿತು. ಅದು ಆಗಬೇಕಾದದ್ದೇ. ಆದರೆ ಮೊಣಕಾಲುದ್ದ ಕೆಸರನ್ನು ಬಳಿದು ಹೊರಹಾಕಿ, ಪಾತ್ರೆ ಪಗಡ ತಿಕ್ಕಿ, ಒಲೆ ಹೂಡಿ, ಮನೆಯನ್ನು ಮತ್ತೆ ಮನೆಯನ್ನಾಗಿ ಮಾಡಿದ ವಾರಗಟ್ಟಲೆಯ ದುಡಿಮೆ ಯಾವ ಪಂಚನಾಮೆಯಲ್ಲಿಯೂ ಇಲ್ಲ. ಅದೇ 2019ರಲ್ಲಿ ಕೇಂದ್ರದ ಸಾಂಖ್ಯಿಕ ಕಾರ್ಯಾಲಯವು ದೇಶದ ಜನರ ಸಮಯದ ಬಳಕೆಯನ್ನು ಸಮೀಕ್ಷಿಸಿತು. 6 ವರ್ಷ ಮೀರಿದ ಸ್ತ್ರೀಯರಲ್ಲಿ ಶೇಕಡಾ 81.2 ಮಂದಿ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದರೆ, ಪುರುಷರಲ್ಲಿ ಶೇಕಡಾ 26.1 ಮಂದಿ ಮಾತ್ರ. ತೊಡಗಿದವರು ದಿನಕ್ಕೆ ವ್ಯಯಿಸುವ ಕಾಲ ಸ್ತ್ರೀಯರಿಗೆ 299 ನಿಮಿಷ, ಪುರುಷರಿಗೆ 97 ನಿಮಿಷ. ಮುಹೂರ್ತದ ಲೆಕ್ಕದಲ್ಲಿ ಹೇಳುವುದಾದರೆ ಅವಳದು ಆರು ಮುಹೂರ್ತಕ್ಕೂ ಮಿಗಿಲು, ಅವನದು ಎರಡು.

ಈಗ ಶಾಸ್ತ್ರದ ಕಡೆಗೆ ತಿರುಗೋಣ. ಶ್ರಾವಕನಿಗೆ ಸಂಕಲ್ಪೀ ಹಿಂಸೆ ಸರ್ವಥಾ ವರ್ಜ್ಯ. ಮನೆವಾರ್ತೆಯಲ್ಲಿ ಅನಿವಾರ್ಯವಾಗಿ ಘಟಿಸುವ ಆರಂಭೀ ಹಿಂಸೆಯನ್ನು ಎಚ್ಚರದಿಂದ ಮಿತಗೊಳಿಸಬೇಕು. ಕುಟ್ಟುವ ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಕಸಬರಿಗೆ ಈ ಐದನ್ನು ನಮ್ಮ ಆಚಾರ್ಯರು ಪಂಚಸೂನಗಳೆಂದು, ಅಂದರೆ ಜೀವಘಾತ ನಡೆಯುವ ಐದು ಸ್ಥಾನಗಳೆಂದು ಕರೆದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು, ಮನೆಗೆಲಸದಿಂದ ಸಂಚಿತವಾದ ಕರ್ಮವನ್ನು ಗೃಹತ್ಯಾಗಿಗಳಾದ ಅತಿಥಿಗಳಿಗೆ ಸಲ್ಲಿಸುವ ಆಹಾರದಾನವು ತೊಳೆಯುತ್ತದೆ ಎಂಬ ಆಶಯವನ್ನು ಪ್ರತಿಪಾದಿಸುತ್ತದೆ. ಇಲ್ಲಿ ಏಳುವ ಪ್ರಶ್ನೆ ಇದು: ಈ ಐದು ಸ್ಥಾನಗಳಲ್ಲಿ ಬೆಳಗಿನಿಂದ ಬೈಗಿನವರೆಗೆ ನಿಂತವಳು ಶ್ರಾವಿಕೆ. ಹಾಗಾದರೆ ಆ ಕರ್ಮವೆಲ್ಲ ಅವಳಿಗೊಬ್ಬಳಿಗೇ ಅಂಟುವುದೇ? ಪಡಸಾಲೆಯಲ್ಲಿ ಜಪಮಣಿ ಎಣಿಸುತ್ತ ಕುಳಿತವನು ಆರಂಭದಿಂದ ಮುಕ್ತನೇ?

ಜಪಮಣಿಯೇ ಇದಕ್ಕೆ ಉತ್ತರ ಕೊಡುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವದ ಆಶ್ರಯದಿಂದ ಆಗುವ ಆಸ್ರವದ ಭೇದಗಳನ್ನು ಎಣಿಸಲಾಗಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮೋದಿತ ಎಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು. ಇವನ್ನು ಗುಣಿಸಿದರೆ 108. ಜಪಮಾಲೆಯ 108 ಮಣಿಗಳನ್ನು ಈ 108 ದ್ವಾರಗಳ ಸ್ಮರಣೆಯೆಂದು ನಮ್ಮಲ್ಲಿ ವಿವರಿಸುವ ರೂಢಿಯಿದೆ. ಇವುಗಳಲ್ಲಿ ತಾನೇ ಮಾಡಿದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದ ಎರಡು ಪಾಲು ಮಾಡಿಸಿದ್ದು ಮತ್ತು ಒಪ್ಪಿ ಅನುಭವಿಸಿದ್ದು. ಒಲೆ ಹೊತ್ತಿಸಿದವಳಿಗೆ ಅಂಟುವ ದೋಷ, ಬಿಸಿ ರೊಟ್ಟಿಗಾಗಿ ತಟ್ಟೆಯ ಮುಂದೆ ಕುಳಿತವನನ್ನು ಬಿಡುವುದಿಲ್ಲ. ಮನೆಗೆಲಸದವಳನ್ನು ನೇಮಿಸಿದೊಡನೆ ಆರಂಭದ ಹೊರೆ ಅವಳ ತಲೆಗೆ ದಾಟಿಹೋಗುವುದಿಲ್ಲ, ಅದು ಕಾರಿತವಾಗಿ ನಮ್ಮಲ್ಲಿಯೇ ಉಳಿಯುತ್ತದೆ. ಆದ್ದರಿಂದ ಮನೆಯ ಪಾಪವೂ ಮನೆಯ ಪುಣ್ಯವೂ ಮನೆಯ ಸಮಸ್ತರದು. ಪುಣ್ಯವನ್ನು ಯಜಮಾನನ ಹೆಸರಿಗೂ ಪಾಪವನ್ನು ಪೊರಕೆ ಹಿಡಿದವಳ ಹೆಸರಿಗೂ ಬರೆಯುವ ಲೆಕ್ಕಪತ್ರ ನಮ್ಮ ಆಗಮದಲ್ಲಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಾಗಿದೆ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಶಕ್ತಿಗೆ ಮೀರಿದ ಭಾರವನ್ನು ಹೇರುವುದು ನಾಲ್ಕನೆಯದು, ಸಕಾಲದಲ್ಲಿ ಅನ್ನನೀರು ದೊರೆಯದಂತೆ ಮಾಡುವುದು ಐದನೆಯದು. ಇವನ್ನು ಎತ್ತು ಕೋಣಗಳ ವಿಷಯವೆಂದು ಬೋಧಿಸಿ ಮುಂದೆ ಸಾಗುತ್ತೇವೆ. ಆದರೆ ಈ ಎರಡು ಅತಿಚಾರಗಳು ನಮ್ಮ ಅಡುಗೆಮನೆಯಲ್ಲಿಯೇ, ಅದೂ ವ್ರತಪಾಲನೆಯ ಹೆಸರಿನಲ್ಲಿಯೇ ಘಟಿಸಬಹುದೆಂಬುದನ್ನು ನಾನು ತಡವಾಗಿ ಅರಿತೆ. ಸ್ವಂತದ ಮಾತನ್ನು ಇಲ್ಲಿ ಹೇಳಬೇಕಾಗಿ ಬಂದದ್ದಕ್ಕೆ ವಾಚಕರ ಕ್ಷಮೆ ಇರಲಿ.

ನಮ್ಮ ತಂದೆಯವರು ತಾರುಣ್ಯದಲ್ಲಿಯೇ ಮುನಿಗಳ ಸನ್ನಿಧಿಯಲ್ಲಿ ರಾತ್ರಿ ಚತುರ್ವಿಧಾಹಾರ ತ್ಯಾಗದ ವ್ರತ ಸ್ವೀಕರಿಸಿದ್ದರು. ನಾಲ್ಕು ದಶಕಗಳ ಕಾಲ ಅದಕ್ಕೆ ಭಂಗ ಬರಲಿಲ್ಲ. ಅದಕ್ಕಾಗಿ ಬಸದಿಯಲ್ಲಿ ಅವರಿಗೆ ಶಾಲು ಹೊದಿಸಿ ಸನ್ಮಾನಿಸಿದ ದಿನ ನಮಗೆಲ್ಲ ಹೆಮ್ಮೆಯೆನಿಸಿತ್ತು. ಚಳಿಗಾಲದಲ್ಲಿ ಆರು ಗಂಟೆಯೊಳಗೆ ಹೊತ್ತು ಮುಳುಗುತ್ತದೆ. ಹೊಲದಿಂದ ತಂದೆ, ಚಿಕ್ಕಪ್ಪಂದಿರು ಬರುತ್ತಿದ್ದುದು ಐದರ ಮೇಲೆ. ತಾಯಿ ಅವರಿಗೆ ಬಡಿಸಿ, ಮಕ್ಕಳಾದ ನಮಗೆ ಬಡಿಸಿ, ತಾನು ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಎಷ್ಟೋ ಸಂಜೆ ಹೊಳೆಯಾಚೆ ಸೂರ್ಯ ಇಲ್ಲವಾಗುತ್ತಿದ್ದ. ಆಗ ಅವಳು ಬಾಯಿ ಮುಕ್ಕಳಿಸಿ, ಉಳಿದ ಅನ್ನಕ್ಕೆ ಮುಚ್ಚಳ ಮುಚ್ಚಿ ಎದ್ದುಬಿಡುತ್ತಿದ್ದಳು. ಅವಳು ಯಾರ ಮುಂದೆಯೂ ವ್ರತ ಸ್ವೀಕರಿಸಿದವಳಲ್ಲ. ತಂದೆಯ ವ್ರತದ ವರ್ಷಗಳನ್ನು ಎಲ್ಲರೂ ಎಣಿಸಿದೆವು. ತಾಯಿಯ ಉಪವಾಸದ ಸಂಜೆಗಳನ್ನು ಯಾರೂ ಎಣಿಸಲಿಲ್ಲ.

ತಾಯಿಯ ಕೊನೆಗಾಲದಲ್ಲಿ ಅವಳು ಹಾಸಿಗೆ ಹಿಡಿದ ಮೂರು ತಿಂಗಳು ಅಡುಗೆಮನೆಯ ಹೊಣೆ ನನ್ನ ಮೇಲೆ ಬಿತ್ತು. ನೀರು ಸೋಸುವುದು, ಕಾಳು ಆರಿಸುವುದು, ಬೇಳೆಯಲ್ಲಿ ಹುಳುವಿಲ್ಲವೆಂದು ಬೆಳಕಿಗೆ ಹಿಡಿದು ನೋಡುವುದು, ಇವೆಲ್ಲ ಎಷ್ಟು ಕಾಲವನ್ನು ಬೇಡುತ್ತವೆಂಬುದು ಆಗ ತಿಳಿಯಿತು. ಒಂದು ಸಂಜೆ ಅವಳಿಗೆ ಗಂಜಿ ಕುಡಿಸಿ, ನಾನು ಊಟಕ್ಕೆ ಕೂರಬೇಕೆನ್ನುವಷ್ಟರಲ್ಲಿ ಕತ್ತಲಾಯಿತು. ನಾನು ಕಿಟಕಿಯತ್ತ ನೋಡುತ್ತ ನಿಂತದ್ದನ್ನು ಕಂಡು ಅವಳು ಮೆಲ್ಲಗೆ, “ಈಗ ನಿನಗ ಹೊತ್ತು ಮುಣಗೂದು ಕಾಣಸ್ತದ” ಎಂದಳು. ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ತಂದೆಯವರ ವ್ರತ ಸುಳ್ಳೆಂದು ನಾನು ಹೇಳುತ್ತಿಲ್ಲ. ಅವರು ಸಜ್ಜನರು, ಪಾಪಭೀರುಗಳು. ಆದರೆ ಅವರ ವ್ರತದ ಶುದ್ಧಿಗೆ ಅನ್ನಪಾನನಿರೋಧದ ಅತಿಚಾರ ತಟ್ಟುತ್ತಿತ್ತು. ಅದನ್ನು ತಪ್ಪಿಸಲು ಬೇಕಾಗಿದ್ದುದು ಮಹಾತಪಸ್ಸಲ್ಲ. ಅರ್ಧ ಗಂಟೆ ಮೊದಲು ಹೊಲ ಬಿಡುವುದು, ಇಲ್ಲವೆ ತಮ್ಮ ತಟ್ಟೆಗೆ ತಾವೇ ಬಡಿಸಿಕೊಂಡು ಅವಳನ್ನೂ ಜೊತೆಗೆ ಕೂರಿಸುವುದು, ಅಷ್ಟೆ. ಅದು ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಕಾಣದಿರುವುದು ಎಂದರೆ ಇದೇ.

ಇಲ್ಲಿ ಕೆಲವು ಆಕ್ಷೇಪಗಳು ಸಹಜ. ಸ್ತ್ರೀಯರು ಮನೆಗೆಲಸವನ್ನು ಪ್ರೀತಿಯಿಂದ, ಧರ್ಮವೆಂದೇ ಮಾಡುತ್ತಾರೆ, ಅದನ್ನು ದುಡಿಮೆಯೆಂದು ಲೆಕ್ಕ ಹಾಕುವುದು ಅವಮಾನವಲ್ಲವೆ ಎಂಬುದು ಮೊದಲನೆಯದು. ಪ್ರೀತಿಯಿಂದ ಕೊಟ್ಟದ್ದು ದಾನ, ಅದರ ಮಹಿಮೆ ದೊಡ್ಡದು. ಆದರೆ ಕೊಡುವೆಯಾ ಎಂದು ಕೇಳದೆಯೇ, ಬೇಡವೆನ್ನಲು ಎಡೆಯನ್ನೇ ಕೊಡದೆ ಪಡೆದದ್ದನ್ನು ದಾನವೆನ್ನಲಾದೀತೇ? ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು, ಅದತ್ತಾದಾನವೆಂದು ನಮ್ಮ ಧರ್ಮದ ವ್ಯಾಖ್ಯೆ. ವಸ್ತುವಿಗೆ ಅನ್ವಯಿಸುವ ಈ ವ್ಯಾಖ್ಯೆಯನ್ನು ಒಬ್ಬರ ಆಯುಷ್ಯದ ಗಂಟೆಗಳಿಗೂ ಅನ್ವಯಿಸಿ ನೋಡುವುದು ಸಾಧುವೆಂದು ನನ್ನ ಅಭಿಪ್ರಾಯ.

ಎರಡನೆಯ ಆಕ್ಷೇಪ, ಸ್ತ್ರೀ ಪುರುಷ ಎಂಬ ಭೇದದ ಮಾತನ್ನು ಎತ್ತುವುದೇ ಸಂಸಾರದಲ್ಲಿ ಒಡಕಿಗೆ ದಾರಿ ಎಂಬುದು. ಆದರೆ ಈ ವಿಷಯದಲ್ಲಿ ನಮ್ಮ ಕರ್ಮಸಿದ್ಧಾಂತದಷ್ಟು ಸೂಕ್ಷ್ಮವಾಗಿ ಚಿಂತಿಸಿದ ದರ್ಶನಗಳು ವಿರಳ. ಶರೀರದ ಲಿಂಗ ನಾಮಕರ್ಮದಿಂದ ಬಂದದ್ದು. ಒಳಗಿನ ಭಾವವೇದವು ಚಾರಿತ್ರಮೋಹನೀಯದ ಒಂಬತ್ತು ನೋಕಷಾಯಗಳಲ್ಲಿ ಸೇರಿದ್ದು, ಸ್ತ್ರೀವೇದ, ಪುಂವೇದ, ನಪುಂಸಕವೇದವೆಂದು ಮೂರು ಬಗೆ. ಇವೆರಡೂ ಒಂದಕ್ಕೊಂದು ಹೊಂದಲೇಬೇಕೆಂಬ ನಿಯಮವಿಲ್ಲ. ಒಂಬತ್ತನೆಯ ಗುಣಸ್ಥಾನದಲ್ಲಿ ಮೂರು ವೇದಗಳೂ ಕಳಚಿಹೋಗುತ್ತವೆ. ಆತ್ಮದ್ರವ್ಯವು ಸ್ತ್ರೀಯೂ ಅಲ್ಲ, ಪುರುಷನೂ ಅಲ್ಲ. ಒಂದು ಕಾಲದಲ್ಲಿ ಬೆಳಗಾವಿ ಸೀಮೆಯಲ್ಲಿ ಪ್ರಬಲವಾಗಿದ್ದ ಯಾಪನೀಯ ಸಂಘದವರು ಸ್ತ್ರೀಮುಕ್ತಿಯನ್ನು ಎತ್ತಿಹಿಡಿದರೆಂಬುದೂ, ಯಾಪನೀಯ ಆಚಾರ್ಯ ಶಾಕಟಾಯನರು ಒಂಬತ್ತನೆಯ ಶತಮಾನದಲ್ಲಿ ಆ ಬಗ್ಗೆ ಪ್ರತ್ಯೇಕ ಪ್ರಕರಣ ರಚಿಸಿದರೆಂಬುದೂ ಇತಿಹಾಸ. ಕರಾವಳಿಯ ನೆಲ್ಲಿಕಾರಿನಲ್ಲಿ ಹುಟ್ಟಿದ ವಿದ್ವಾಂಸ ಪದ್ಮನಾಭ ಜೈನಿಯವರು 1991ರಲ್ಲಿ ಆ ವಾದವಿವಾದವನ್ನೆಲ್ಲ ಜಗತ್ತಿನ ಮುಂದಿರಿಸಿದರು. ಆ ಚರ್ಚೆಯನ್ನು ಇಲ್ಲಿ ಮತ್ತೆ ತೆರೆಯುವ ಉದ್ದೇಶ ನನಗಿಲ್ಲ. ಸ್ತ್ರೀಶರೀರವನ್ನು ಕುರಿತು ಯಾವ ಆಮ್ನಾಯ ಏನೇ ಹೇಳಲಿ, ಪೊರಕೆಯು ಸ್ತ್ರೀಜೀವದ ಸ್ವಭಾವಲಕ್ಷಣವೆಂದು ಯಾವ ಆಚಾರ್ಯರೂ ಹೇಳಿಲ್ಲ ಎಂಬಷ್ಟೇ ನನ್ನ ಮಾತು.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರ ಛಾಯಾಚಿತ್ರಗಳನ್ನು ಇಲ್ಲಿ ನೆನೆಯಬಹುದು. 2000ದಿಂದ 2004ರವರೆಗೆ ಕ್ಲೇರ್ ಅರ್ನಿ ಎಂಬ ಛಾಯಾಗ್ರಾಹಕಿಯೊಡನೆ ಕೂಡಿ ಅವರು ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ಚಿತ್ರಮಾಲಿಕೆಯನ್ನು ರಚಿಸಿದರು. ಅದರಲ್ಲಿ ಕಲಾವಿದೆ ತಾವೇ ವೇಷ ತೊಟ್ಟು ಒಮ್ಮೆ ರವಿವರ್ಮನ ಪಟದ ದೇವಿಯಾಗಿ, ಒಮ್ಮೆ ಬುಡಕಟ್ಟಿನ ಸ್ತ್ರೀಯಾಗಿ, ಒಮ್ಮೆ ಸಿನಿಮಾದ ನಾಯಕಿಯಾಗಿ ನಿಲ್ಲುತ್ತಾರೆ. ನೋಡುತ್ತ ಹೋದಂತೆ ನಾವು ‘ಹೆಣ್ಣು’ ಎಂದು ಗುರುತಿಸುತ್ತಿದ್ದುದರಲ್ಲಿ ಹೆಚ್ಚಿನದು ತೊಡಿಸಿದ ವೇಷವೆಂಬುದು ಮನವರಿಕೆಯಾಗುತ್ತದೆ. ಪರ್ಯಾಯವನ್ನೇ ದ್ರವ್ಯವೆಂದು ಭ್ರಮಿಸಬೇಡಿರೆಂದು ನಮ್ಮ ಆಚಾರ್ಯರು ಹೇಳಿದ್ದನ್ನು ಬಲ್ಲವರಿಗೆ ಈ ಚಿತ್ರಗಳು ಪರಕೀಯವೆನಿಸಲಾರವು.

ಕಲೆಯು ಮೋಕ್ಷಮಾರ್ಗವೆಂದು ನಾನು ಹೇಳುವುದಿಲ್ಲ. ತತ್ತ್ವಾರ್ಥಶ್ರದ್ಧಾನವೇ ಸಮ್ಯಗ್ದರ್ಶನ, ಕಣ್ಣಿನ ನೋಟವಲ್ಲ. ಆದರೂ ಕಣ್ಣೆದುರಿನ ಜೀವದ ದುಃಖ ಕಾಣದವನಿಗೆ ಅನುಕಂಪೆ ಹುಟ್ಟುವುದು ಹೇಗೆ? ಸಮ್ಯಕ್ತ್ವದ ಲಕ್ಷಣಗಳಲ್ಲಿ ಅನುಕಂಪೆಯೂ ಒಂದಲ್ಲವೆ? ಕಾಣದ್ದನ್ನು ಕಾಣಿಸುವ ಮಟ್ಟಿಗೆ ಕಲೆಯು ಧರ್ಮಕ್ಕೆ ಸಹಾಯಕ.

ನಮ್ಮ ಪೂರ್ವಿಕರು ಇದನ್ನು ಅರಿತಿದ್ದರು. ಚಂದನಾಸತಿಯನ್ನು ನೆನೆಯಿರಿ. ರಾಜಪುತ್ರಿಯಾಗಿದ್ದೂ ಪರರ ಮನೆಯಲ್ಲಿ ದಾಸಿಯಾಗಿ, ಸಂಕಲೆಯಲ್ಲಿ ನರಳಿದ ಅವಳ ಕೈಯಿಂದಲೇ ಮಹಾವೀರಸ್ವಾಮಿ ಆಹಾರ ಸ್ವೀಕರಿಸಿದರು. ಮುಂದೆ ಅವಳೇ 36,000 ಆರ್ಯಿಕೆಯರ ಪ್ರಮುಖಳಾದಳು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಗೊಮ್ಮಟನಿಗೆ ಮಾಡಿಸಿದ ಮಹಾಭಿಷೇಕದ ಹಾಲು ವಿಗ್ರಹದ ಪಾದವನ್ನು ಮುಟ್ಟದೆ ನಿಂತಿತು, ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಇಡೀ ವಿಗ್ರಹವನ್ನು ತೋಯಿಸಿತು ಎಂಬ ಐತಿಹ್ಯ ಎಲ್ಲರಿಗೂ ತಿಳಿದದ್ದು. ಅವಳ ಹೆಸರು ಯಾರಿಗೂ ಗೊತ್ತಿಲ್ಲ, ಕೈಯಲ್ಲಿದ್ದ ಕಾಯಿಯ ಹೆಸರೇ ಅವಳ ಹೆಸರಾಯಿತು. ಆದರೂ ಅಂದಿನ ಶಿಲ್ಪಿ ಅವಳನ್ನು ಮರೆಯಲಿಲ್ಲ. ಗುಳ್ಳಕಾಯಜ್ಜಿಯ ಶಿಲಾಮೂರ್ತಿ ಇಂದಿಗೂ ಗೊಮ್ಮಟನಿಗೆ ಎದುರಾಗಿ ನಿಂತಿದೆ. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು 1007ರ ಶಾಸನದಲ್ಲಿದೆ. ಶ್ರೀಮಂತ ದಾನಿಗೆ ಶಾಸನ, ಬಡ ದಾನಿಗೆ ಶಿಲ್ಪ ಎಂಬ ನ್ಯಾಯ ಅಂದು ಇತ್ತು. ಇಂದು ನಮ್ಮ ಬಸದಿಗಳ ಅಮೃತಶಿಲೆಯ ಫಲಕಗಳಲ್ಲಿ ಪಾತ್ರೆ ತೊಳೆದವಳಿಗೆ ಎರಡೂ ಇಲ್ಲ.

ನಮ್ಮದು ಸಾಮಾನ್ಯ ನೆಲವಲ್ಲ. ಭೋಜದ ಆಚಾರ್ಯ ಶಾಂತಿಸಾಗರರು (1872–1955), ಶೇಡಬಾಳದ ಆಚಾರ್ಯ ವಿದ್ಯಾನಂದರು (1925–2019), ಸದಲಗಾದ ಆಚಾರ್ಯ ವಿದ್ಯಾಸಾಗರರು (1946–2024) ಈ ಸೀಮೆಯ ಮನೆಗಳಲ್ಲಿ ಬೆಳೆದವರು. ವಿದ್ಯಾಸಾಗರರ ಮಾತೃಶ್ರೀಯವರೂ ಮುಂದೆ ಆರ್ಯಿಕಾದೀಕ್ಷೆ ಪಡೆದರು. ಒಲೆಯ ಮುಂದಿನ ಜೀವಕ್ಕೂ ವೈರಾಗ್ಯದ ಹಸಿವು ಇರುತ್ತದೆ, ಸ್ವಾಧ್ಯಾಯಕ್ಕೆ ಬಿಡುವು ಬೇಕಾಗಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹಾಗಾದರೆ ನಾವು ಮಾಡಬೇಕಾದುದೇನು? ಮನೆಗಳಲ್ಲಿ, ರಾತ್ರಿಭೋಜನತ್ಯಾಗದ ವ್ರತ ಸ್ವೀಕರಿಸುವವನು ಮನೆಯವರೆಲ್ಲರ ಊಟ ಹಗಲಿನಲ್ಲೇ ಮುಗಿಯುವ ಹೊಣೆಯನ್ನೂ ಸ್ವೀಕರಿಸಲಿ. ನೀರು ಸೋಸುವುದನ್ನು, ಧಾನ್ಯ ಶೋಧಿಸುವುದನ್ನು ಗಂಡುಮಕ್ಕಳಿಗೂ ಕಲಿಸಲಿ, ಅದು ಹೆಣ್ಣಿನ ಕೆಲಸವಲ್ಲ, ಶ್ರಾವಕನ ಕರ್ತವ್ಯ. ಮನೆಗೆಲಸದವಳಿಗೆ ನ್ಯಾಯವಾದ ಸಂಬಳ, ವಾರದ ಬಿಡುವು, ಹೊತ್ತಿಗೆ ಸರಿಯಾಗಿ ಊಟ ಇವು ಔದಾರ್ಯವಲ್ಲ, ಮೊದಲ ಅಣುವ್ರತದ ಪಾಲನೆ. ಬಸದಿಯ ಟ್ರಸ್ಟುಗಳು ಪಂಚಕಲ್ಯಾಣ, ಚಾತುರ್ಮಾಸಗಳಲ್ಲಿ ಚೌಕದ ಅಡುಗೆಗೆ ನಿಂತವರ ಹೆಸರನ್ನು ದಾನಿಗಳ ಹೆಸರಿನೊಡನೆ ಬರೆಯಿಸಲಿ, ಆಹಾರದಾನದ ಫಲಕದಲ್ಲಿ ದಂಪತಿಗಳಿಬ್ಬರ ಹೆಸರೂ ಇರಲಿ, ಅಡುಗೆಶಾಲೆಗೆ ಗಾಳಿ ಬೆಳಕು ಒದಗಿಸಲಿ, ಆಡಳಿತ ಮಂಡಳಿಯ ಸಭೆಯಲ್ಲಿ ಆ ಅಡುಗೆಶಾಲೆಯನ್ನು ಬಲ್ಲ ಶ್ರಾವಿಕೆಯರಿಗೂ ಸ್ಥಾನವಿರಲಿ. ಸಮುದಾಯಭವನದಲ್ಲಿ ವರ್ಷಕ್ಕೊಮ್ಮೆ ನಿಪ್ಪಾಣಿಯ ಆ ಸಾಕ್ಷ್ಯಚಿತ್ರವನ್ನೋ ಅಂಥ ಇನ್ನೊಂದನ್ನೋ ತೋರಿಸಿ ಚರ್ಚೆ ನಡೆಸಿದರೆ ಧರ್ಮಕ್ಕೆ ಹಾನಿಯಾಗದು.

ದಶಲಕ್ಷಣ ಪರ್ವ ಮುಗಿದ ಬಳಿಕ ಕ್ಷಮಾವಾಣಿಯ ದಿನ ನಾವು 84 ಲಕ್ಷ ಜೀವಯೋನಿಗಳ ಕ್ಷಮೆ ಬೇಡುತ್ತೇವೆ. ದೂರದ ಬಂಧುಗಳಿಗೆ ಪತ್ರ ಬರೆಯುತ್ತೇವೆ, ಬಸದಿಯ ಅಂಗಳದಲ್ಲಿ ಎದುರಾದವರಿಗೆಲ್ಲ ಕೈಮುಗಿಯುತ್ತೇವೆ. ಅಂದು ಮನೆಗೆ ಮರಳಿದಾಗ ಹಬ್ಬದಡುಗೆಯ ಪಾತ್ರೆಗಳ ರಾಶಿಯ ಮುಂದೆ ಯಾರೋ ಕುಳಿತಿರುತ್ತಾರೆ. ಮುಂದಿನ ಕ್ಷಮಾವಾಣಿಯಂದು ಮೊದಲು ಅಲ್ಲಿಗೆ ಹೋಗೋಣ. ಕೈಮುಗಿದು ಕ್ಷಮೆ ಕೇಳೋಣ, ಅನಂತರ ಪಕ್ಕದಲ್ಲಿ ಕುಳಿತು ಒಂದು ಪಾತ್ರೆಯನ್ನು ಕೈಗೆತ್ತಿಕೊಳ್ಳೋಣ. ನನ್ನ ತಾಯಿಗೆ ಅದನ್ನು ಸಲ್ಲಿಸುವ ಕಾಲ ಕಳೆದುಹೋಯಿತು. ವಾಚಕರಲ್ಲಿ ಅನೇಕರಿಗೆ ಇನ್ನೂ ಹೊತ್ತಿದೆ.